ಅಣ್ಣನ ಪುಟ್ಟ ಗಿಟಾರು

ಅಣ್ಣ ಸತ್ತು ಇಪ್ಪತ್ತೆರಡು ದಿನವಾಗಿತ್ತು. ಅಮ್ಮನಿಗೆ ಇನ್ನೂ ಹೇಳಿರಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಹೃದಯದ ಆಪರೇಶನ್ ಮಾಡಿಸಿಕೊಂಡು ಅವಳು ಬೇರೆ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದಳು. ಇನ್ನೊಂದು ತಿಂಗಳು ಯಾವ ಆಘಾತವೂ ಕೂಡದೆಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಸುಳ್ಳು ಹೇಳುವುದರಲ್ಲಿ ಅಕ್ಕನದು ಎತ್ತಿದ ಕೈ. ಅಣ್ಣನಿಗೆ ಗಂಟಲ ಆಪರೇಶನ್ ಆಗಿದೆ, ಮಾತಾಡಬಾರದಂತೆ ಎಂದು ನಂಬಿಸಿಬಿಟ್ಟಳು. ಗಿಟಾರ್ ನುಡಿಸಲು ಗಂಟಲು ಬೇಕಿಲ್ಲ ಎಂಬುದು ಮಾತ್ರ ಅಕ್ಕನೆಂಬ ಆ ಮಹಾತಾಯಿಗೆ ಹೊಳೆಯಲಿಲ್ಲ.

"ಮಾತು ಬೇಡ, ನುಡಿಸ್ಲಿ ಸಾಕು," ಎಂದು ಅಮ್ಮ ಹಟ ಹಿಡಿದಳು. ಪ್ರತಿ ಭಾನುವಾರ ಬೆಳಿಗ್ಗೆ ಅಣ್ಣ ಫೋನನ್ನು ಮೇಜಿನ ಮೇಲಿಟ್ಟು ಅವಳಿಗಾಗಿ ಅದೇ ಒಂದು ಬ್ಲೂಸ್, ಅಮೆರಿಕದ ಹಳೆಯ ನೋವಿನ ಹಾಡು, ನುಡಿಸುತ್ತಿದ್ದ. ಮೂರು ಭಾನುವಾರ ಖಾಲಿ ಹೋದ ಮೇಲೆ ಅವಳು ಊಟ ಬಿಟ್ಟಳು, ಮಾತ್ರೆಯನ್ನೂ ಬಿಟ್ಟಳು.

ಅಕ್ಕ ತಮ್ಮನಿಗೆ ಫೋನ್ ಮಾಡಿದಳು. "ನೀನೇ ನುಡಿಸೋ. ಫೋನಲ್ಲಿ ಬೆರಳು ಯಾರದು ಅಂತ ಗೊತ್ತಾಗುತ್ತಾ?"

ಅಣ್ಣ ನುಡಿಸಿದ್ದರ ರೆಕಾರ್ಡಿಂಗ್ ಒಂದೂ ಇರಲಿಲ್ಲ. ಕೇಳಿದಾಗಲೆಲ್ಲ ಅಣ್ಣ, "ಬದುಕಿದೀನಲ್ಲ, ಯಾಕೆ?" ಎಂದು ನಕ್ಕುಬಿಡುತ್ತಿದ್ದ.

ತಮ್ಮನ ಕಸುಬು ಗಿಟಾರ್ ರಿಪೇರಿ. ಅಣ್ಣ ಸತ್ತ ದಿನ, ಬೈಕು ತಿರುವಿನಲ್ಲಿ ಜಾರಿದಾಗ, ಗಿಟಾರು ಅಣ್ಣನ ಬೆನ್ನಿಗೇ ಇತ್ತು. ಮಣ್ಣು ಮಾಡಿ ಬಂದ ಮಾರನೆಯ ದಿನವೇ ತಮ್ಮ ಅದನ್ನು ಬೆಂಚಿನ ಮೇಲೆ ಹಾಕಿಕೊಂಡಿದ್ದ. ಗಿರಾಕಿಗಳ ವಾದ್ಯಗಳೆಲ್ಲ ಮೂಲೆ ಹಿಡಿದವು.

ನೂರು ವರ್ಷ ಹಳೆಯ, ತೊಡೆಯ ಮೇಲೆ ಮಗುವಿನಂತೆ ಕೂರುವ ಪುಟ್ಟ ಗಿಟಾರು ಅದು. ದೊಡ್ಡ ಗಿಟಾರಿನ ಗುಡುಗು ಅದಕ್ಕಿಲ್ಲ. ಒಣ ಮರದ ಚುಟುಕು ನಾದ, ಹುಟ್ಟಿದ ಕೂಡಲೇ ಆರಿಹೋಗುವಂಥದು. ಹಳೆಯ ಹಳ್ಳಿ ಬ್ಲೂಸಿಗೆ ಅದೇ ಬೇಕು. ಹೆಬ್ಬೆರಳು ಒಂದೇ ಸಮ ನಡೆಯುತ್ತಿರಬೇಕು, ಉಳಿದ ಬೆರಳು ಹಾಡಬೇಕು, ಒಂದರ ಸ್ವರ ಇನ್ನೊಂದರ ಮೈಮೇಲೆ ಬೀಳಬಾರದು. ಬಿದ್ದ ಏಟಿಗೆ ಗಿಟಾರಿನ ಎದೆಹಲಗೆ, ತಂತಿಗಳ ಕೆಳಗಿನ ತೆಳು ಹಲಗೆ, ಎರಡು ಕಡೆ ಸೀಳಿತ್ತು, ಒಳಗಿನ ಅಡ್ಡಪಟ್ಟಿಗಳು ಕಳಚಿದ್ದವು. ನಡುವಿನ ತೂತಿನಲ್ಲಿ ಕೈ ತೂರಿಸಿ, ಕಣ್ಣಿಗೆ ಕಾಣದ ಜಾಗದಲ್ಲಿ ಬಿಸಿ ಸರೇಸಿನ ಅಂಟು ಸವರಿ, ಒಂದೊಂದೇ ಪಟ್ಟಿಯನ್ನು ಕೂರಿಸಿದ. ಕುತ್ತಿಗೆಯನ್ನು ಹಬೆಯಲ್ಲಿ ಬಿಡಿಸಿ, ನೆಟ್ಟಗೆ ಮಾಡಿ ಮತ್ತೆ ಸೇರಿಸಿದ. ಅಣ್ಣನ ಉಗುರು ಸವೆಸಿದ ಜಾಗಕ್ಕೆ ಮಾತ್ರ ಹೊಳಪು ಬಳಿಯಲಿಲ್ಲ.

ಹದಿನೈದು ವರ್ಷ ಒಂದೇ ಕೋಣೆಯಲ್ಲಿ ಬೆಳೆದವನಿಗೆ ಆ ಹಾಡೇನೂ ಹೊಸದಲ್ಲ. ಅಣ್ಣ ಎಲ್ಲೆಲ್ಲಿ ತಡವರಿಸುತ್ತಿದ್ದನೋ ಅಲ್ಲಲ್ಲಿ ತಡವರಿಸುವುದನ್ನೂ ಅಭ್ಯಾಸ ಮಾಡಿದ.

ಭಾನುವಾರ ಬಂತು. "ಅಮ್ಮಾ, ಅವನು ಕೂತಿದಾನೆ, ಕೇಳು," ಎಂದು ಅಕ್ಕ ಆ ಕಡೆ ಹೇಳಿದ್ದು ಕೇಳಿಸಿತು. ಈ ಕಡೆ ತಮ್ಮ ಶ್ರುತಿ ನೋಡಿದ, ಎದೆಹಲಗೆಯನ್ನು ಬೆರಳಗೆಣ್ಣಿನಿಂದ ಎರಡು ಸಲ ತಟ್ಟಿದ, ನುಡಿಸಿದ. ಒಂದು ತಪ್ಪೂ ಆಗಲಿಲ್ಲ. ಆದ ತಪ್ಪೆಲ್ಲ ಅಣ್ಣನವೇ.

ಮುಗಿದ ಮೇಲೆ ಅಂಗೈಯನ್ನು ತಂತಿಗಳ ಮೇಲಿಟ್ಟ.

"ತಟ್ಟಿ ನೋಡ್ದೆಯಲ್ಲೋ, ಚಿಕ್ಕೋನೇ," ಎಂದಳು ಅಮ್ಮ.

ಒಳಗೆ ಪಟ್ಟಿ ಕಳಚಿದೆಯೇ ಎಂದು ತಟ್ಟಿ ಕೇಳುವುದು ರಿಪೇರಿಯವರ ಚಾಳಿ. ತಟ್ಟಿದ್ದು ಅವನ ಅರಿವಿಗೇ ಬಂದಿರಲಿಲ್ಲ.

"ನಿಮ್ಮಣ್ಣ ಯಾವತ್ತು ತಟ್ಟಿದ್ದ? ಕೈಗೆ ಸಿಕ್ಕಿದ್ರೆ ಸಾಕು, ಶುರು ಹಚ್ಕೊಳ್ಳೋನು." ಅವಳ ದನಿ ನಡುಗಲಿಲ್ಲ. "ಅವನು ಇದಾನೋ, ಇಲ್ವೋ?"

"ಅಮ್ಮಾ, ಅದೇನಂದ್ರೆ..." ಎಂದು ಅಕ್ಕ ಬಾಯಿ ಹಾಕಿದಳು.

"ನೀನು ಸುಮ್ನಿರೇ. ಅವನು ಹೇಳ್ಲಿ."

"ಇಲ್ಲಮ್ಮಾ," ಎಂದ. "ತಿಂಗಳಾಗ್ತಾ ಬಂತು. ಬೈಕಿಂದ ಬಿದ್ದ."

ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. ಅಕ್ಕ "ಅಮ್ಮಾ, ಅಮ್ಮಾ" ಎನ್ನುತ್ತಿದ್ದಳು. ತಾನು ಅಮ್ಮನನ್ನು ಕೊಂದುಬಿಟ್ಟೆನೆಂದು ಅವನಿಗನಿಸಿತು.

"ಗಿಟಾರೂ ಮುರಿದಿತ್ತೇನೋ?" ಎಂದಳು ಅಮ್ಮ, ಕೊನೆಗೆ.

"ಹೂಂ."

"ಇಷ್ಟು ದಿನ ಒಬ್ಬನೇ ಕೂತು ಅದನ್ನ ಜೋಡಿಸಿದೆಯಾ?"

ಮಣ್ಣು ಮಾಡಿದ ದಿನವೂ ಅಳದವನು ಬಿಕ್ಕಿ ಬಿಕ್ಕಿ ಅತ್ತ.

"ಅಳಪ್ಪಾ, ಅಳು," ಎನ್ನುತ್ತಿದ್ದಳು ಅವಳು, ತಾನೂ ಅಳುತ್ತಾ. "ನಾನಿದೀನಿ. ಫೋನ್ ಇಡಲ್ಲ."