ಡ್ಯಾಂಪರ್ ಇಲ್ಲದ ತಂತಿಗಳು

ಕಿಟಕಿಯ ಗಾಜು ಗಿರ್ರೆನ್ನುತ್ತಿದೆ, ಬಸ್ಸು ಗೇರ್ ಬದಲಿಸಿದಾಗಲೆಲ್ಲ ತುಸು ಮೇಲೇರಿ ಇಳಿಯುತ್ತದೆ, ಲಾವಣ್ಯ ಬೆರಳಿಟ್ಟಳು, ನಿಂತಿತು, ತೆಗೆದಳು, ಮತ್ತೆ ಗಿರ್ರ್ — ಪಕ್ಕದಲ್ಲಿ ಕೂತ ಗಂಗರಾಜು ಮಾವನಿಗೆ ಇದು ಕೇಳಿಸುತ್ತಿರಬೇಕು, ದಪ್ಪ ಸದ್ದುಗಳೆಲ್ಲ ಅವನಿಗೆ ಚೆನ್ನಾಗಿಯೇ ಕೇಳುತ್ತವೆ, ಹೋಗಿರುವುದು ತೆಳ್ಳಗಿನವು, ಪಿಯಾನೋದ ಬಲತುದಿಯವು. ಚಿಂತಾಮಣಿ ಬಿಟ್ಟಾಗಿನಿಂದ ಅವನು ಎದುರಿನ ಸೀಟನ್ನೇ ನೋಡುತ್ತಿದ್ದಾನೆ. ಪಿಯಾನೋ ಶ್ರುತಿ ಮಾಡುವ ಸಾಮಾನಿನ ಚೀಲ ಇವತ್ತು ಅವಳ ತೊಡೆಯ ಮೇಲಿದೆ, ಎಷ್ಟು ಭಾರ ಇದು, ಇಷ್ಟು ವರ್ಷ ಹೊತ್ತವನು ಒಂದು ದಿನವೂ ಭಾರ ಅನ್ನಲಿಲ್ಲ — ಅವನ ಕಿವಿಯ ವಿಷಯ ಮೊದಲು ಗೊತ್ತಾದದ್ದು ಕುಕ್ಕರಿನಿಂದ, ಆಂಜಿನಮ್ಮತ್ತೆ ಬಟ್ಟೆ ಒಗೆದು ಒಳಗೆ ಬಂದವಳು ಕುಕ್ಕರ್ ಆಫ್ ಮಾಡಿ ಅಂದಿದ್ನಲ್ಲ ಅಂದಳು, ಅದು ಕೂಗೇ ಇಲ್ಲ ಕಣೇ ಅಂದ ಮಾವ, ಕೂಗಿ ಕೂಗಿ ಬೇಳೆ ಸೀದೋಯ್ತು, ಇನ್ನು ಪಕ್ಕದ ಮನೆಯೋರೇ ಬಂದು ಆಫ್ ಮಾಡ್ಬೇಕೇನೋ ಅಂದಳು ಅತ್ತೆ, ಎಲ್ಲರೂ ನಕ್ಕರು, ಲಾವಣ್ಯನೂ ನಕ್ಕಳು, ನಗುತ್ತಲೇ ನೆನಪಾಯಿತು, ಹಿಂದಿನ ವಾರ ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿ ಮನೆಯ ಪಿಯಾನೋ, ಅದರ ಮೇಲಿನ ಸ್ವರಗಳು, ಮಾವ ಶ್ರುತಿ ಮಾಡಿ ಮುಗಿಸಿದ ಮೇಲೂ ಹುಳಿಹುಳಿಯಾಗಿದ್ದವು. ಒಂದು ಸ್ವರಕ್ಕೆ ಮೂರು ತಂತಿ, ಮೂರೂ ಒಂದೇ ಆಗಿ ಕೇಳಬೇಕು, ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ರೇಷ್ಮೆ ರೀಲಿಂಗಿಗೆ ಹೋಗುತ್ತಿದ್ದಾಗಲೂ ಹಾಗೆಯೇ ಅಲ್ಲವೇ, ಬಿಸಿನೀರಿನಲ್ಲಿ ಕುಣಿಯುವ ಗೂಡುಗಳ ಎಳೆಗಳೆಲ್ಲ ಸೇರಿ ಒಂದೇ ನೂಲು, ಒಂದೆಳೆ ತಪ್ಪಿದರೂ ಕಣ್ಣಿಗೆ ಕಾಣಬೇಕು, ಆ ಬಿಸಿನೀರಿನಿಂದ ಅವಳ ಕೈ ಎತ್ತಿದವನು ಇವನೇ, ಬೆರಳೆಲ್ಲ ಬೆಂದೋಗವಲ್ಲೇ ತಲ್ಲಿ, ನನ್ ಜೊತೆ ಬಾ, ಫೆಲ್ಟು ಕತ್ತರಿಸು, ತಣ್ಣಗಿರ್ತೀಯ ಅಂದವನು.

ಡ್ಯಾಂಪರಿನ ಕೆಲಸ ಅವಳದು. ತಂತಿಗಳ ಮೇಲೆ ಸಾಲಾಗಿ ಸಣ್ಣ ಮರದ ತುಂಡುಗಳು, ಒಂದೊಂದಕ್ಕೂ ಒತ್ತಿದ ಉಣ್ಣೆಯ ಮೆತ್ತನೆಯ ಫೆಲ್ಟು, ಕೀ ಒತ್ತಿದರೆ ಏಳಬೇಕು, ಬಿಟ್ಟರೆ ಕೂತು ಸದ್ದು ಹಿಡಿಯಬೇಕು, ಪೆಡಲ್ ತುಳಿದರೆ ಅಷ್ಟೂ ಒಟ್ಟಿಗೆ ಏಳಬೇಕು, ಒಂದು ಮುಂದಾಗಿ ಎದ್ದರೂ ಅದರ ಕಂಬಿ ಹಿಡಿದು ಕೂದಲೆಳೆಯಷ್ಟು ಬಗ್ಗಿಸಬೇಕು, ಹಳೆಯ ಪಿಯಾನೋಗಳಲ್ಲಿ ಫೆಲ್ಟು ಕಲ್ಲಾಗಿರುತ್ತದೆ, ಇಲ್ಲವೇ ನುಸಿ ತಿಂದಿರುತ್ತದೆ — ನಾನ್ ಸದ್ದು ಮಾಡ್ಸೋನು, ನಮ್ ಹುಡ್ಗಿ ಸದ್ದು ಅಡಗ್ಸೋಳು, ಬಾಯೂ ಅಷ್ಟೇ ನೋಡಿ, ಅಂತ ಮಾವ ಹೋದ ಮನೆಗಳಲ್ಲೆಲ್ಲ ಹೇಳಿ ನಗುತ್ತಿದ್ದ. ಬಲತುದಿಯ ತಂತಿಗಳಿಗೆ ಡ್ಯಾಂಪರ್ ಇರುವುದಿಲ್ಲ, ಗಿಡ್ಡ ತಂತಿ ಕಣಮ್ಮ, ತಾವೇ ಸುಮ್ನಾಗ್ತವೆ, ಅಲ್ಲಿ ನಿಂಗೇನೂ ಕೆಲ್ಸ ಇಲ್ಲ, ಅಂತ ಮೊದಲ ದಿನವೇ ಹೇಳಿಕೊಟ್ಟಿದ್ದ. ಅಲ್ಲೇ ಅವಳು ಕೈ ಹಾಕಿದಳು. ಶಿಡ್ಲಘಟ್ಟಕ್ಕೆ ಇನ್ನೊಮ್ಮೆ ಹೋದಾಗ ಅವನು ಕೈ ತೊಳೆಯಲು ಹಿತ್ತಿಲಿಗೆ ಹೋದ, ಅವಳು ಶ್ರುತಿಯ ಲಿವರ್ ತೆಗೆದು ತಂತಿ ಸುತ್ತಿದ ಪಿನ್ನಿಗೆ ಹಾಕಿ ಒಂದು ಚೂರು ತಿರುಗಿಸಿದಳು, ಸರಿಯಾಯಿತು, ಮನೆಗೆ ಹೋಗಿ ಹೇಳೋಣ ಅಂದುಕೊಂಡಳು, ಮನೆಯಲ್ಲಿ ಅವನು ಖುಷಿಯಾಗಿ ಉಣ್ಣುತ್ತಿದ್ದ, ನಾಳೆ ಅಂದುಕೊಂಡಳು, ಆಮೇಲೆ ಗೌರಿಬಿದನೂರಿನ ಚರ್ಚು, ಅಲ್ಲೂ ಹಾಗೆಯೇ, ಆಮೇಲೆ ಅದೇ ರೂಢಿಯಾಯಿತು, ಅವನು ಕೈ ತೊಳೆಯುವಷ್ಟು ಹೊತ್ತು ಅವಳದು.

ಹೇಳಬಹುದಿತ್ತು. ಮಾವ, ಮೇಲಿನವು ನಿಂಗೆ ಕೇಳ್ತಿಲ್ಲ, ಇಷ್ಟೇ ಮಾತು, ಒಂದು ದಿನ ಸಿಡಿಮಿಡಿ ಅನ್ನುತ್ತಿದ್ದ, ಎರಡನೇ ದಿನ ಅದನ್ನೂ ತಮಾಷೆ ಮಾಡಿಕೊಳ್ಳುತ್ತಿದ್ದ, ಕೆಳಗಿಂದು ನಾನು, ಮೇಲಿಂದು ನಮ್ ಹುಡ್ಗಿ ಅಂತ ಅವನೇ ಮನೆಮನೆಯಲ್ಲೂ ಹೇಳುತ್ತಿದ್ದ, ಆ ಮಾತನ್ನು ಅವನ ಬಾಯಿಂದ ಕಿತ್ತುಕೊಂಡವಳು ತಾನು — ಮೊನ್ನೆ ಫೋನಿನಲ್ಲಿ ಚಿಂತಾಮಣಿಯ ಶೋಭಾರಾಣಿ ಟೀಚರ್, ಲಾವಣ್ಯನ್ನೂ ಕರ್ಕೊಂಡ್ ಬನ್ನಿ ಗಂಗರಾಜು, ಮರೀಬೇಡಿ, ಅಂದಾಗ ಎಷ್ಟು ಹಿಗ್ಗಿದ, ನೋಡ್ದಾ, ಈಗ ನನ್ನೊಬ್ನೇ ಯಾರೂ ಕರೆಯಲ್ಲ, ಎಲ್ರಿಗೂ ನೀನೇ ಬೇಕು, ಅವಳ ಮೇಲಿನ ಅಕ್ಕರೆ ಅಂದುಕೊಂಡಿದ್ದ. ಇವತ್ತು ಟೀಚರ್ ಕಾಫಿ ತಂದು, ಮೇಲಿಂದು ಈ ಸಲಾನೂ ನೀನೇ ಸರಿಮಾಡ್ಬಿಡಮ್ಮ, ಪಾಪ, ಅವ್ರಿಗೆ ಗೊತ್ತಾಗೋದು ಬೇಡ, ಅಂದರು, ಕೆಟ್ಟ ಮನಸ್ಸಿನಿಂದಲ್ಲ, ಮೆಲ್ಲಗೇ ಅಂದರು, ಬಾಗಿಲಲ್ಲಿ ಮಾವ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಅವಳ ಕೈ ಲಿವರ್ ಮೇಲೆ, ಲಿವರ್ ಕೊನೆಯ ಪಿನ್ನಿನ ಮೇಲೆ. ಅಲ್ಲಿ ಡ್ಯಾಂಪರ್ ಇಲ್ವಲ್ಲಮ್ಮ, ಅಂದ ಮಾವ, ಅಲ್ಲೇನ್ ಮಾಡ್ತಿದ್ದೀಯ. ಹಳೇ ಪಿನ್ನು ಮಾವ, ಸಡಿಲ, ನೀನು ಬಿಗಿ ಮಾಡಿದ್ದು ಜಾರಿತ್ತು, ಅನ್ನಬಹುದಿತ್ತು, ಈಗ ಬಸ್ಸಿನಲ್ಲಿ ಎಷ್ಟು ಸಲೀಸಾಗಿ ಬರುತ್ತಿದೆ, ಆಗ ಟೀಚರ್ ಕಾಫಿ ಲೋಟ ನೋಡುತ್ತಿದ್ದರು, ಮಾವ ಹತ್ತಿರ ಬಂದ, ಕೊನೆಯ ಕೀ ಒತ್ತಿದ, ಮರಕ್ಕೆ ಕಿವಿ ತಾಗಿಸಿ ಮತ್ತೆ ಒತ್ತಿದ, ಮತ್ತೆ, ಅವನಿಗೆ ಏನು ಕೇಳಿಸಿತೋ, ಬರೀ ಮರದ ಟಕ್ ಟಕ್ ಇರಬೇಕು, ಆಮೇಲೆ ಲಿವರ್ ಕಿತ್ತು ಅದರ ಹಿಡಿಯನ್ನು ಟವೆಲಿನಲ್ಲಿ ಒರೆಸಿ ಅವಳ ಕಡೆ ಚಾಚಿದ, ಮುಗ್ಸಮ್ಮ ಅಂದ.

ಶಿಡ್ಲಘಟ್ಟ ಯಾರ್ರೀ, ಬೇಗ ಇಳೀರಿ, ಕಂಡಕ್ಟರ್ ಕೂಗುತ್ತಿದ್ದಾನೆ, ಜನ ಇಳಿದು ಹತ್ತಿ, ಬಸ್ಸು ಮತ್ತೆ ಹೊರಟಿದೆ, ಮಾವ ಎದುರಿನ ಸೀಟು ನೋಡುತ್ತಲೇ, ಮಂಚೇನಹಳ್ಳಿ ಸ್ಕೂಲ್ನೋರಿಗೆ ಫೋನ್ ಮಾಡು, ನಾನೊಬ್ಳೇ ಬರ್ತೀನಿ ಅಂತ ಹೇಳು ಅಂದ. ನೀನು ಬರಲ್ವಾ, ಅಂದಳು. ನಾನ್ ಯಾಕಮ್ಮ. ಕೆಳಗಿನವು ನಂಗೆ ಬರಲ್ಲ ಮಾವ. ಬರ್ತದೆ ಬಿಡು. ದನಿಯಲ್ಲಿ ಸಿಟ್ಟಿಲ್ಲ, ಸಿಟ್ಟಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು, ಅವಳು ಇನ್ನೊಂದು ಮಾತು ಹುಡುಕುತ್ತಾಳೆ, ಮಾತಿನ ಜಾಗದಲ್ಲಿ ಆ ಕೈ ಬರುತ್ತದೆ, ಒರೆಸಿದ ಹಿಡಿ ಅವಳ ಕಡೆಗೆ, ಕಬ್ಬಿಣದ ತುದಿ ಅವನ ಕಡೆಗೆ, ಮತ್ತೆ ಹುಡುಕುತ್ತಾಳೆ, ಮತ್ತೆ ಆ ಕೈ, ತಗೋ ಅಂತ ಎಸೆದಿದ್ದರೆ, ಇಗೋ ಅಂತ ಕುಕ್ಕಿದ್ದರೆ — ಹಾಗಲ್ಲ, ಬಲಗೈಯಲ್ಲಿ ಲಿವರ್ ಹಿಡಿದು, ಎಡಗೈಯನ್ನು ಬಲ ಮೊಣಕೈಗೆ ತಾಗಿಸಿ, ಸ್ವಲ್ಪ ಬಾಗಿ, ದೊಡ್ಡವರಿಗೆ ಕೊಡುವ ಹಾಗೆ, ಮತ್ತೆ ಆ ಕೈ, ಎಡಗೈ ಮೊಣಕೈಗೆ ತಾಗಿಸಿ…