ಉಪವಾಸದ ತಿಂಗಳ ಇಪ್ಪತ್ತೆಂಟು ಮದುವೆ

"ತೊಳಿಯೇ ಮುಂಡೇದೆ! ಎಲ್ಲಾ ತೊಳ್ದಾಯ್ತು ಅಂತ ನಿನ್ನ ಕೇಳ್ದೋರ್ಯಾರು? ತೊಳ್ದಿದ್ನೇ ತೊಳಿ!"

ಶಾರ್ಶೆನಣ್ಣ ಬುರ್ಮಾಕಾನಕ್ಕನ ಕೈಯಿಂದ ತಟ್ಟೆ ಕಸಿದು ತೊಟ್ಟಿಗೆ ಎಸೆದ. ಬೆಳಗಿನಿಂದ ಆ ತಟ್ಟೆ ನೀರಿಗಿಳಿಯುತ್ತಿದ್ದದ್ದು ಅದು ಮೂರನೇ ಸಲ. ಅನ್ನದ ಅಗುಳಿರಲಿ, ಅದರ ಮೇಲೆ ಧೂಳು ಕೂರುವುದಕ್ಕೂ ಪುರುಸೊತ್ತು ಸಿಕ್ಕಿರಲಿಲ್ಲ.

ಓಶ್ ಪಟ್ಟಣದ ಹೊರಗೆ, ಹತ್ತಿಹೊಲಗಳ ಅಂಚಿನಲ್ಲಿ ಅವನ ತೊಯ್‌ಖಾನಾ. ಒಂದೇ ಪಂಕ್ತಿಗೆ ಮುನ್ನೂರು ಜನ ಕೂತು ಉಣ್ಣುವ ಮದುವೆಮನೆ. ನಾವು ಪಾತ್ರೆ ತೊಳೆಯುವ ಏಳು ಹೆಂಗಸರು. ರಂಜಾನ್ ತಿಂಗಳು ಬಂತೆಂದರೆ ಅಲ್ಲಿ ನೊಣವೂ ಸುಳಿಯುವುದಿಲ್ಲ, ಪ್ರತಿ ವರ್ಷ ನಮ್ಮನ್ನು ಮನೆಗೆ ಕಳಿಸಿಬಿಡುತ್ತಿದ್ದ. ಈ ವರ್ಷ ಕಳಿಸಲಿಲ್ಲ. ಹಾಡು ಹಾಕಿಸಿದ, ದೀಪವೆಲ್ಲ ಹಚ್ಚಿಸಿದ, ನಲ್ಲಿಗಳನ್ನೆಲ್ಲ ತಿರುಗಿಸಿಟ್ಟ. ನಾವು ಬಾಯಿಗೆ ತೊಟ್ಟು ನೀರು ಬಿಡದೆ ಉಪವಾಸ ಹಿಡಿದವರು. ಮೊಣಕೈವರೆಗೂ ನೀರಿನಲ್ಲಿ ನಿಂತು, ಅದು ಗುಳುಗುಳು ಅಂತ ಮೋರಿಗೆ ಹೋಗುವುದನ್ನು ದಿನವಿಡೀ ನೋಡಬೇಕಿತ್ತು.

"ಅಣ್ಣಾ, ಯಾವ ನೆಂಟ್ರು ಉಂಡ ತಟ್ಟೇನಪ್ಪ ಇವು?" ಎಂದು ನಾನೊಮ್ಮೆ ಕೇಳಿದ್ದೆ.

"ನೀರಿನ ಮೀಟರು ಓಡ್ಬೇಕು ಕಣೇ ತೊತ್ತೆ. ನಿನ್ನ ಬಾಯಿ ಓಡಿಸ್ಬೇಡ."

ಬುರ್ಮಾಕಾನಕ್ಕ ಐವತ್ತರ ವಿಧವೆ. ಪಾತ್ರೆ ತೊಳೆಯುವ ಸೋಡಾಪುಡಿಗೆ ಸವೆದು ಅವಳ ಬೆರಳು ಒಣಗಿದ ಖರ್ಜೂರದ ಹಾಗಾಗಿದ್ದವು. ಹೋದ ವರ್ಷ ಅಡುಗೆಮನೆಯವರ ಆರೋಗ್ಯಪುಸ್ತಕ ಮಾಡಿಸಬೇಕೆಂದು ಶಾರ್ಶೆನಣ್ಣ ನಮ್ಮೆಲ್ಲರ ಗುರುತಿನ ಪಾಸ್‌ಪೋರ್ಟು ಇಸಕೊಂಡವನು, ಅಡುಗೆಮನೆಯ ಮೂಲೆಯ ಬೀರುವಿನಲ್ಲಿಟ್ಟು ಬೀಗ ಹಾಕಿದ. ಅಕ್ಕನ ಹತ್ತಿರ ಮಾತ್ರ ಒಂದು ಕಂತೆ ಕಾಗದಕ್ಕೆ ರುಜು ಹಾಕಿಸಿಕೊಂಡಿದ್ದ. "ನಿನಗೆ ರಕ್ತ ಕಮ್ಮಿ, ಅದಕ್ಕೇ ಕಾಗದ ಜಾಸ್ತಿ" ಅಂದಿದ್ದ.

ಆ ಮಧ್ಯಾಹ್ನ ಎರಡು ಕಾರು ಬಂದವು. ಹಣಕಾಸು ತನಿಖೆಯವರು. ಮುಂದಿದ್ದ ಅಧಿಕಾರಿಯ ತುಟಿಯೂ ನಮ್ಮ ಹಾಗೇ ಒಣಗಿತ್ತು.

"ಮಾಲೀಕರು ಯಾರಪ್ಪ ಇಲ್ಲಿ?"

ಶಾರ್ಶೆನಣ್ಣ ಅಡುಗೆಮನೆಯೊಳಗೆ ಬಂದು, ಬುರ್ಮಾಕಾನಕ್ಕನ ಮುಂದೆ ಸೊಂಟ ಬಗ್ಗಿಸಿ, ಎದೆಯ ಮೇಲೆ ಕೈಯಿಟ್ಟ. "ಇವರೇ ಸಾಹೇಬ್ರೆ. ಬುರ್ಮಾಕಾನಮ್ಮನೋರು. ನಾನು ಬರೀ ಮೇಲ್ವಿಚಾರಣೆ ಮಾಡೋನು."

ನಾವು ಆರು ಜನ ನಕ್ಕುಬಿಟ್ಟೆವು. ಅಧಿಕಾರಿ ನಗಲಿಲ್ಲ. ಕಾಗದ ತೆಗೆದು ತೋರಿಸಿದ. ತೊಯ್‌ಖಾನಾ, ಅದರ ಬ್ಯಾಂಕ್ ಲೆಕ್ಕ ಎಲ್ಲ ಅಕ್ಕನ ಹೆಸರಿನಲ್ಲಿ, ಅಕ್ಕನ ರುಜುವಿನ ಕೆಳಗೆ.

"ಈ ತಿಂಗಳಲ್ಲಿ ಇಪ್ಪತ್ತೆಂಟು ಮದುವೆ ಮಾಡ್ಸಿದೀರಂತಲ್ಲಮ್ಮ? ಒಂದೊಂದಕ್ಕೆ ಮುನ್ನೂರು ಜನ. ನೀರಿನ ಬಿಲ್ಲು ಸರಿ ಇದೆ, ಕರೆಂಟು ಬಿಲ್ಲು ಸರಿ ಇದೆ. ಆದ್ರೆ ಉಪವಾಸದ ತಿಂಗಳಲ್ಲಿ ಮಗಳನ್ನ ಧಾರೆ ಎರೆದ ಆ ಮಹಾನುಭಾವರು ಯಾರು? ನಾನೂ ಇದೇ ಜಿಲ್ಲೇಲಿ ಹುಟ್ಟಿದೋನು, ನನಗೊಂದು ಕರೆಯೋಲೆ ಬರ್ಲಿಲ್ವಲ್ಲ!"

ಶಾರ್ಶೆನಣ್ಣನ ಮುಖ ಹಿಟ್ಟು ಮೆತ್ತಿದಂತಾಯಿತು. ನೀರು ಹೊಳೆದಿತ್ತು, ದೀಪ ಹೊಳೆದಿತ್ತು, ದುಡ್ಡಿನ ಆತುರದಲ್ಲಿ ಉಪವಾಸ ಮಾತ್ರ ಅವನಿಗೆ ಹೊಳೆದಿರಲಿಲ್ಲ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಪಲಾವು ಬಾರಿಸುವವನಿಗೆ ಹೇಗೆ ಹೊಳೆದೀತು? ರಾಜಧಾನಿ ಬಿಷ್ಕೆಕ್‌ನಿಂದ ಲೆಕ್ಕ ಬರೆಯಲು ಕರೆಸಿಕೊಂಡಿದ್ದ ರಷ್ಯನ್ ಗುಮಾಸ್ತ ಗೆನ್ನಾದಿಯ ಕಡೆ ತಿರುಗಿದ.

"ಲೋ ಬೇವರ್ಸಿ, ಯಾವ ತಿಂಗಳು ಅಂತ ನೋಡ್ಲಿಲ್ವೇನೋ?"

"ನೋಡ್ದೆ ಸಾರ್. ಏಪ್ರಿಲ್ ಇತ್ತು. ಏಪ್ರಿಲ್‌ನಾಗೆ ಎಲ್ರೂ ಮದ್ವೆ ಆಗ್ತಾರೆ."

"ಇವನು ದಿನಾ ನೋಟಿನ ಕಂತೆ ಹಿಡ್ಕೊಂಡು ಬ್ಯಾಂಕಿಗೆ ಹೋಗಿ 'ನೆನ್ನೆ ಮದುವೆ ದುಡ್ಡು' ಅಂತಿದ್ನಂತೆ," ಅಂದ ಅಧಿಕಾರಿ. "ಬ್ಯಾಂಕಿನ ಹುಡುಗಿ ಉಪವಾಸ ಇದ್ದೋಳು. ಹೊಟ್ಟೆ ಉರ್ದು ನಮಗೆ ಬರೆದ್ಲು."

"ಯಾವ ದುಡ್ಡು ಸಾಹೇಬ್ರೆ?" ಅಕ್ಕ ಕೇಳಿದಳು.

"ಗಡಿ ದಾಟಿ ಬರೋ ಅಫೀಮಿಂದು. ಅದಕ್ಕೆ ಅಪ್ಪ ಯಾರು ಅಂತ ಹೇಳೋ ಹಂಗಿಲ್ಲ. ಊಟದ ಬಿಲ್ಲು ಅಂತ ಬ್ಯಾಂಕಿಗೆ ಕಟ್ಟಿದ್ರೆ ಮಾರನೇ ದಿನದಿಂದ ಮರ್ಯಾದಸ್ಥರ ಮನೆ ದುಡ್ಡು. ನಿಮ್ಮ ರುಜು ಇದೆ ತಾಯಿ. ಜೈಲು ಹತ್ತು ವರ್ಷಕ್ಕೆ ಕಮ್ಮಿ ಇಲ್ಲ."

ಅಕ್ಕ ತೊಟ್ಟಿಯ ಅಂಚು ಹಿಡಿದುಕೊಂಡಳು. ನಲ್ಲಿ ಇನ್ನೂ ಸುರಿಯುತ್ತಲೇ ಇತ್ತು.

"ಆ ಬೀರು ತೆಗೀರಿ," ಅಂದ ಅಧಿಕಾರಿ.

"ನಂಗೇನ್ ಹಕ್ಕಿದೆ ಸಾಹೇಬ್ರೆ?" ಅಂದ ಶಾರ್ಶೆನಣ್ಣ. "ಬೀರು ಮಾಲೀಕಳದು. ಬೀಗದಕೈ ಎಲ್ಲಿ ಕಳೆದಾಕಿದಾಳೋ ಏನೋ, ಹಾದರಗಿತ್ತಿ."

ಅಕ್ಕ ನಿಧಾನವಾಗಿ ಕೈ ಒರೆಸಿಕೊಂಡಳು. "ಹಂಗಾದ್ರೆ ಬೀರು ನಂದೇ?"

"ಕಾಗದದಲ್ಲಿ ನಿಮ್ಮದೇ," ಅಂದ ಅಧಿಕಾರಿ.

"ನನ್ನ ಬೀರು ನಾನು ಒಡದ್ರೆ ಕೇಸಾಗ್ತದಾ?"

ಅಧಿಕಾರಿ ಬೀರುವಿನ ದಾರಿ ಬಿಟ್ಟು ಸರಿದು ನಿಂತ. "ಅದಕ್ಯಾವ ಕಾನೂನೂ ಅಡ್ಡ ಬರಲ್ಲ."

ಕುರಿಯ ಮೂಳೆ ಸೀಳುವ ಕೊಡಲಿ ಗೋಡೆಗೆ ಒರಗಿತ್ತು. ಅಕ್ಕ ತಗೊಂಡಳು. ಅಡ್ಡ ಬಂದ ಶಾರ್ಶೆನಣ್ಣನಿಗೆ, "ಸರ್ಕೊಳೋ ಮೇಲ್ವಿಚಾರಣೆಯೋನೆ, ಮಾಲೀಕಳ ದಾರಿಗೆ ಬರ್ಬೇಡ" ಅಂದಳು. ಐದನೇ ಏಟಿಗೆ ಬಾಗಿಲು ಬಾಯಿ ಬಿಟ್ಟಿತು. ಒಳಗೆ ಶಾರ್ಶೆನಣ್ಣನ ಸ್ವಂತ ಅಕ್ಷರದ ನೋಟ್‌ಬುಕ್ಕು: ಯಾವ ದಿನ, ಗಡಿಯಿಂದ ಯಾರು, ಎಷ್ಟು ತಂದರು ಎಂದು. ಅದನ್ನು ಅಧಿಕಾರಿ ಎತ್ತಿಕೊಂಡ. ಏಳು ಪಾಸ್‌ಪೋರ್ಟುಗಳನ್ನು ಅಕ್ಕ ಎತ್ತಿಕೊಂಡಳು.

"ಅದು ಸಾಕ್ಷಿಯಮ್ಮ, ಮುಟ್ಬೇಡಿ."

"ಸಾಕ್ಷಿ ಇವರು ಕಣಪ್ಪ. ಇದು ಇವರ ಪಾಸ್‌ಪೋರ್ಟು," ಎನ್ನುತ್ತ ನಮ್ಮ ಕೈಗೆ ಒಂದೊಂದೇ ಹಂಚಿಬಿಟ್ಟಳು.

ಆದರೂ ರುಜು ಅವಳದೇ. ಹಿಂದಿನ ಕಾರಿಗೆ ಶಾರ್ಶೆನಣ್ಣನನ್ನೂ ಗೆನ್ನಾದಿಯನ್ನೂ ತುರುಕಿದರು; ಮುಂದಿನ ಕಾರಿಗೆ, ಒದ್ದೆ ಏಪ್ರನ್ನಿನಲ್ಲೇ, ಅಕ್ಕನನ್ನು ಹತ್ತಿಸಿದರು. "ನೀವೆಲ್ಲ ಮನೆಗೆ ಹೋಗ್ರಮ್ಮ" ಎಂದು ನಮಗೆ ಹೇಳಿದರು.

ನಾವು ಮನೆಗೆ ಹೋಗಲಿಲ್ಲ. ಪಾಸ್‌ಪೋರ್ಟು ಕೈಯಲ್ಲಿ ಹಿಡಿದು, ಕಾರಿನ ಧೂಳಿನ ಹಿಂದೆ ಮೂರು ಮೈಲಿ ನಡೆದೆವು. ಕಚೇರಿಯ ಗೇಟು ಮುಚ್ಚಿತ್ತು. ಕಾವಲಿನವನು ಲಾಠಿಯಿಂದ ಕಂಬಿ ಬಡಿದ.

"ಹೋಗ್ರೇ, ಹೋಗ್ರೇ. ಯಾವ ಮಾಲೀಕಳಿಗೋ ನೀವ್ಯಾಕೆ ಬಂದಿದೀರಿ? ನೀವ್ ಯಾರು?"

ಹೊತ್ತು ಮುಳುಗಿ ಅಜಾನ್ ಕೇಳಿಸಿತು. ಆರು ಜನ ಗೇಟಿನ ಮುಂದೆಯೇ ಕುಕ್ಕರಿಸಿ, ಒಂದೇ ಬಾಟಲಿಯ ನೀರನ್ನು ಸುತ್ತು ಹಾಕಿ ಉಪವಾಸ ಬಿಟ್ಟೆವು. ನಾನು ಬಾಯಿ ಒರೆಸಿಕೊಂಡು ಪಾಸ್‌ಪೋರ್ಟನ್ನು ಕಂಬಿಯ ಸಂದಿನಿಂದ ಒಳಗೆ ಚಾಚಿದೆ.

"ಬರ್ಕೊಳಪ್ಪ, ಸಾಕ್ಷಿಗಳು ಅಂತ. ಆ ಇಪ್ಪತ್ತೆಂಟು ಮದುವೆಗೂ ಹೋಗಿದ್ದೋರು ಈ ಜಿಲ್ಲೇಲಿ ನಾವೇ. ಗಂಡೂ ಇರ್ಲಿಲ್ಲ, ಹೆಣ್ಣೂ ಇರ್ಲಿಲ್ಲ. ಬರ್ಕೊ, ಆಮೇಲೆ ಹೋಗ್ತೀವಿ."