ಹುಣಸೆಹಣ್ಣು ಮತ್ತು ನಲ್ಲಿ

"ಸರಿದು ನಿಂತ್ಕೊಳೇ ಮಾಸ್ತಿ, ನೀರು ಹಾರ್ತದೆ."

ಜಗದಾಂಬಾ ಹುಣಸೆಹಣ್ಣಿನಿಂದ ಹಿತ್ತಾಳೆ ನಲ್ಲಿಯನ್ನು ಗಸಗಸ ಉಜ್ಜತೊಡಗಿದಳು. ಭದ್ರಾವತಿಯ ಆ ಸಾಲುಮನೆಗಳಿಗೆಲ್ಲ ಅದೊಂದೇ ನಲ್ಲಿ. ಪಕ್ಕದ ಮನೆಯ ಮಾಸ್ತಮ್ಮನ ಕೈ ಸೋಕಿದ ಮೇಲೆ ಅದನ್ನು ತೊಳೆಯದೆ ಬಿಂದಿಗೆ ಇಟ್ಟವಳೇ ಅಲ್ಲ ಜಗದಾಂಬಾ. ಶಿವಮೊಗ್ಗದ ದುರ್ಗಿಗುಡಿಯಲ್ಲಿ, ತವರಿನ ಸ್ವಂತ ಬಾವಿಯ ನೀರು ಕುಡಿದು ಬೆಳೆದವಳು.

ಮೊದಲಾದರೆ ಮಾಸ್ತಮ್ಮನೂ ಬಿಡುತ್ತಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಜಗಳಕ್ಕೆ ನಿಲ್ಲುತ್ತಿದ್ದಳು. ಅಯ್ಯೋ, ಅದರಲ್ಲೊಂದು ಸುಖವಿತ್ತು! ಕಾರ್ಖಾನೆಯ ಕುಲುಮೆಯಲ್ಲಿ ದುಡಿಯುವ ಅವಳ ಗಂಡ ಪುಟ್ಟಪ್ಪ ನಾಗಪುರಕ್ಕೆ ಹೋಗಿ ಬೌದ್ಧನಾಗಿ ಬಂದ ಮೇಲೆ ಎಲ್ಲ ಕೆಟ್ಟಿತು. ಗೋಡೆಗೆ ಬುದ್ಧನ ಪಟ ಬಂತು, ಹೆಂಡತಿಯ ಮುಖಕ್ಕೊಂದು ನಗು ಬಂತು. ಈಗಲೂ ಅವಳು ಅದೇ ನಗು ಹೊತ್ತು, ಏನನ್ನೋ ಗುನುಗುತ್ತ ನಿಂತಿದ್ದಳು.

ಮೈಮೇಲೆ ಹರಿದ ಸೀರೆ, ಕೈಯಲ್ಲಿ ಗಾಜಿನ ಬಳೆ. ಇವಳಿಗೆಲ್ಲಿಯ ಸಂತೋಷ? ರೊಟ್ಟಿ ಬಡಿಯುವಾಗಲೂ ಜಗದಾಂಬಾಳಿಗೆ ಆ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು. ಸಾಲದ್ದಕ್ಕೆ, ಗುಮಾಸ್ತ ಗಂಡ ಶಿವಮೂರ್ತಪ್ಪ ನಿನ್ನೆ ಊಟಕ್ಕೆ ಕೂತವನು ಹೇಳಿದ್ದ: "ಪಕ್ಕದ ಮನೆಯವಳ ಮುಖ ನೋಡು, ಎಷ್ಟು ಲಕ್ಷಣವಾಗಿರತ್ತೆ. ನೀನೂ ಇದೀಯ ಮಾರಾಯ್ತಿ, ಮೂರು ಹೊತ್ತೂ ಗಂಟು ಮುಖ."

ಹೊಟ್ಟೆಗೆ ಕೊಳ್ಳಿ ಇಟ್ಟ ಹಾಗಾಗಿತ್ತು. ಒಂದೇ ಒಂದು ಸಲ ಆ ನಗು ಕಿತ್ತುಹೋಗುವುದನ್ನು ನೋಡಬೇಕು, ಅಷ್ಟೇ.

"ಏಯ್! ನಿನ್ನ ಬಿಂದಿಗೆ ನನ್ನದಕ್ಕೆ ತಾಗ್ತು!"

ತಾಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಜಗದಾಂಬಾ ಕಾಲೆತ್ತಿ ಮಾಸ್ತಮ್ಮನ ತುಂಬಿದ ಬಿಂದಿಗೆಯನ್ನು ಒದ್ದೇಬಿಟ್ಟಳು. ನೀರೆಲ್ಲ ಚರಂಡಿ ಸೇರಿತು. ಅಷ್ಟರಲ್ಲಿ ನಲ್ಲಿ ಗೊರಗೊರ ಎಂದು ನಿಂತುಹೋಯಿತು. ಮಾಸ್ತಮ್ಮ ತುಟಿ ಬಿಗಿಹಿಡಿದು ಕಣ್ಣು ಮುಚ್ಚಿದಳು. ಜಗದಾಂಬಾ ಆಸೆಯಿಂದ ಕಾದಳು. ಮಾಸ್ತಮ್ಮ ಕಣ್ಣು ತೆರೆದು, ಬಿಂದಿಗೆ ಎತ್ತಿಕೊಂಡು, "ಬಾ ಮಗಾ, ಹೊಳೆಗೆ ಹೋಗಾಣ" ಎಂದು ಮಗಳನ್ನು ಕರೆದಳು.

ಆಮೇಲೆ ಹೊಳೆಯಿತು ಜಗದಾಂಬಾಳಿಗೆ: ಒದ್ದದ್ದು ತನ್ನದೇ ಕಾಲು! ಮುಟ್ಟಿದ್ದಾಯಿತು. ಮೀಯದೆ ಒಳಗೆ ಹೋಗುವಂತಿಲ್ಲ, ಮೀಯಲು ಮನೆಯಲ್ಲಿ ತಂಬಿಗೆ ನೀರಿಲ್ಲ. ಹಣೆ ಚಚ್ಚಿಕೊಂಡು ಅವಳೂ ಭದ್ರೆಯ ದಾರಿ ಹಿಡಿದಳು.

ಹೊಳೆಯಲ್ಲಿ ತಾಯಿ ಮಗಳು ನೀರೆರಚಿಕೊಂಡು ಕೇಕೆ ಹಾಕುತ್ತಿದ್ದರು. ಜಗದಾಂಬಾ ದೂರದಲ್ಲಿ ಸೊಂಟದವರೆಗೆ ಇಳಿದು ನಿಂತಳು. ತಡೆಯಲಾಗಲಿಲ್ಲ.

"ನಿಂಗೆ ಸಿಟ್ಟೇ ಬರಲ್ವೇನೇ?"

"ಬರದೆ ಏನಮ್ಮಾ? ನಿಮ್ಮ ಜುಟ್ಟು ಹಿಡಿದು ಎಳೀಬೇಕು ಅನ್ನಿಸ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

"ಉಸಿರು ನೋಡ್ಕೊಂಡು ನಿಂತೆ. ಬಂದದ್ದು ಹೋಯ್ತು." ಮಾಸ್ತಮ್ಮ ಮಗಳ ತಲೆ ಒರೆಸುತ್ತ ಹೇಳಿದಳು: "ನಿಮಗೋಸ್ಕರ ಅಲ್ಲ ಕಣ್ರಮ್ಮಾ. ಮುಂಚೆ ಜಗಳ ಆಡಿ ಮನೆಗೆ ಹೋದ್ರೆ, ಒಲೆ ಮುಂದೆ ನೀವೇ ಕೂತಿರ್ತಿದ್ರಿ. ಇವಳಿಗೆ ಜಡೆ ಹಾಕುವಾಗ್ಲೂ ನೀವೇ. ಈಗ ನಮ್ಮನೇಲಿ ನಾವು ಮೂರೇ ಜನ ಇರ್ತೀವಿ."

ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಅವಳು ದಡ ಹತ್ತಿದಳು. ತನ್ನ ಒಲೆಯ ಮುಂದೆ ಇವತ್ತೂ ಯಾರು ಕೂತಿರುತ್ತಾರೆಂದು ಜಗದಾಂಬಾಳಿಗೆ ಗೊತ್ತಿತ್ತು.

ತಾಯಿ ಮಗಳು ಆಡಿದ ಕಡೆಯಿಂದಲೇ ಹೊಳೆ ಇತ್ತ ಹರಿಯುತ್ತಿತ್ತು. ಅವರು ಕಲಕಿದ ನೀರು ಇನ್ನೂ ತಿಳಿಯಾಗದೆ ಅವಳ ಸೊಂಟವನ್ನು ಬಳಸಿ ಹೋಗುತ್ತಿತ್ತು. ಜಗದಾಂಬಾ ಅದನ್ನು ನೋಡಿದಳು. ಆಮೇಲೆ ಮುಷ್ಟಿಯಲ್ಲಿ ಉಳಿದಿದ್ದ ಹುಣಸೆಹಣ್ಣನ್ನು ಬಿಟ್ಟು, ಅದೇ ನೀರನ್ನು ಬೊಗಸೆ ತುಂಬಿ ತಲೆಗೆ ಸುರಿದುಕೊಂಡಳು.